ಲ್ಯಾಬ್ ಇನ್ನು ಯಾಕೆ ಬೇಕು ಅನ್ನುವವರಿಗೆ

ನಿನ್ನೆ ರಾತ್ರಿ ಯಾರೋ ಕಳಿಸಿದ ಒಂದು ಭಾಷಣದ ವಿಡಿಯೊ ನೋಡಿದೆ. ಕೋಪ ಇನ್ನೂ ಇಳಿದಿಲ್ಲ, ಅದಕ್ಕೇ ಈ ಉದ್ದದ ಬರಹ. ವೇದಿಕೆ ಮೇಲಿದ್ದವರ ಮಾತಿನ ಸಾರ ಇಷ್ಟು: ಎಲ್ಲ ಪ್ರೋಟೀನುಗಳ ಆಕಾರ ಈಗ ಎಐಗೆ ಗೊತ್ತು, ಇನ್ನು ಔಷಧಿ ಕಂಡುಹಿಡಿಯೋದು ಬರೀ ಕಂಪ್ಯೂಟರ್ ಕೆಲಸ, ಹಾಗಿರುವಾಗ ಆಕಾರ ನೋಡೋಕೆ ಅಂತ ಪ್ರೋಟೀನ್ ಹರಳು ಬೆಳೆಸಿಕೊಂಡು ಕೂರುವ ಲ್ಯಾಬುಗಳಿಗೆ ಇನ್ನೂ ಯಾಕೆ ದುಡ್ಡು ಕೊಡಬೇಕು? ಸಭೆ ತುಂಬ ಚಪ್ಪಾಳೆ. ಕಾಮೆಂಟುಗಳಲ್ಲಿ ಇನ್ನೂ ಜೋರು ಚಪ್ಪಾಳೆ.

ನಾನು ಯಾವ ಕೆಲಸದಿಂದ ಬಂದವಳು ಅಂತ ಇಲ್ಲಿರುವ ನಿಮಗೆಲ್ಲ ಗೊತ್ತು. ಕೋಲ್ಡ್ ರೂಮಿನಲ್ಲಿ ಸ್ವೆಟರ್ ಹಾಕಿಕೊಂಡು, ಪ್ರೋಟೀನ್ ಸೋಸಿ ಬೇರ್ಪಡಿಸುವ ಕಾಲಮ್ ಮುಂದೆ ನಿಂತು, ಒಂದು ಪ್ರೋಟೀನನ್ನು ಶುದ್ಧ ಮಾಡಿ, ಅದು ಹರಳಾಗಲಿ ಅಂತ ಕಾದು, ಬೆಳಗ್ಗೆ ಬಂದು ನೋಡಿದರೆ ತಟ್ಟೆಯ ತುಂಬ ಕಂದು ಬಣ್ಣದ ಗಸಿ. ಆಮೇಲೆ ಉಪ್ಪಿನ ಪ್ರಮಾಣ ಒಂಚೂರು ಬದಲಿಸಿ ಮತ್ತೆ ಮೊದಲಿಂದ. ಹೀಗೇ ವರ್ಷಗಳು ಹೋದವು. ಆ ಕೆಲಸ ಬಿಟ್ಟದ್ದು ಬೇಸರ ಬಂದು ಅಲ್ಲ, ಅನುದಾನ ನಿಂತುಹೋಯಿತು. ಹಾಗಾಗಿ 'ದುಡ್ಡು ಯಾಕೆ ಕೊಡಬೇಕು' ಅನ್ನೋದು ನನಗೆ ಸುಮ್ನೆ ಕೇಳಿ ಬಿಡುವ ಮಾತಲ್ಲ.

ಮೊದಲು ಒಂದು ವಿಷಯ. ಆ ಎಐ ಇದನ್ನೆಲ್ಲ ಎಲ್ಲಿಂದ ಕಲಿಯಿತು? ಪ್ರೋಟೀನ್ ಡೇಟಾ ಬ್ಯಾಂಕ್ ಅಂತ ಒಂದಿದೆ, ಲ್ಯಾಬಿನಲ್ಲಿ ಕಂಡುಹಿಡಿದ ಪ್ರೋಟೀನ್ ಆಕಾರಗಳ ಭಂಡಾರ. 1971ರಲ್ಲಿ ಶುರುವಾದಾಗ ಅದರಲ್ಲಿದ್ದದ್ದು 7 ರಚನೆಗಳು. ಏಳೇ ಏಳು. ಪ್ರೋಟೀನಿನ ಆಕಾರ ಊಹಿಸುವ ಆ ಎಐ, ಅಂದರೆ ಆಲ್ಫಾಫೋಲ್ಡ್, ಕಲಿಯುವ ಹೊತ್ತಿಗೆ ಅದು ಸುಮಾರು 1,70,000 ಆಗಿತ್ತು. ಒಂದೊಂದರ ಹಿಂದೆಯೂ ಹರಳು ಬೆಳೆಸಿದವರು, ಎಕ್ಸ್-ರೇ ಹಾಯಿಸಿದವರು, ಕಾಂತದ ಬಲದಿಂದ ಆಕಾರ ತಿಳಿಯುವ ಎನ್‌ಎಂಆರ್ ಯಂತ್ರದ ಮುಂದೆ ಕೂತವರು, ಪ್ರೋಟೀನನ್ನು ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಯೋ-ಇಎಂನ ಗ್ರಿಡ್ಡುಗಳನ್ನು ಒಂದರ ಮೇಲೊಂದು ಹಾಳು ಮಾಡಿ ಕೊನೆಗೂ ಗೆದ್ದವರು ಇದ್ದಾರೆ. ಅವರೆಲ್ಲ ತಮ್ಮ ಫಲಿತಾಂಶವನ್ನು ಯಾರು ಬೇಕಾದರೂ ಬಳಸಲಿ ಅಂತ ಅಲ್ಲಿಟ್ಟರು. ಬ್ರಿಟನ್ನಿನ ವಿಜ್ಞಾನಿ ಡೊರೊಥಿ ಹಾಜ್‌ಕಿನ್ ಇನ್ಸುಲಿನ್ ಹರಳಿನ ಮೊದಲ ಎಕ್ಸ್-ರೇ ಚಿತ್ರ ತೆಗೆದದ್ದು 1935ರ ಸುಮಾರಿಗೆ. ರಚನೆ ಪೂರ್ತಿ ಸಿಕ್ಕಿದ್ದು 1969ರಲ್ಲಿ. ಈ ನಡುವೆ ಅವರ ಕೈಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದವು. ಆ ಇನ್ಸುಲಿನ್ ತಂಡದಲ್ಲಿ ನಮ್ಮ ದೇಶದ ವಿಜ್ಞಾನಿ ಎಂ. ವಿಜಯನ್ ಇದ್ದರು. ಪ್ರೋಟೀನ್ ಸರಪಳಿ ಯಾವ ಕೋನದಲ್ಲಿ ಬಾಗಬಹುದು, ಯಾವುದರಲ್ಲಿ ಬಾಗಲಾರದು ಅಂತ 1963ರಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಜೊತೆಗಾರರು ಮದ್ರಾಸಿನಲ್ಲಿ ತೋರಿಸಿದ ನಕ್ಷೆಯನ್ನು ಇವತ್ತಿಗೂ ಪ್ರತಿ ಹೊಸ ರಚನೆಯ ತಪ್ಪು ಹುಡುಕಲು ಬಳಸುತ್ತಾರೆ. ಆ ಭಾಷಣದಲ್ಲಿ ಇವರ ಯಾರ ಹೆಸರೂ ಬರಲಿಲ್ಲ.

'ಸರಿ, ಹಿಂದೆ ಬೇಕಿತ್ತು, ಈಗ ಬೇಡ' ಅನ್ನಬಹುದು. ಇದೇ ನನಗೆ ಜಾಸ್ತಿ ಸಿಟ್ಟು ತರಿಸುವ ಮಾತು.

ಕೆರಾಸ್ ಕಥೆ ಗೊತ್ತಲ್ವಾ? ಎಷ್ಟೋ ಕ್ಯಾನ್ಸರುಗಳ ಹಿಂದಿರುವ ಪ್ರೋಟೀನ್ ಇದು. ಕೆರಾಸ್ ಸೇರಿರುವ ರಾಸ್ ಜೀನುಗಳ ಪಾತ್ರ ಮನುಷ್ಯರ ಕ್ಯಾನ್ಸರಿನಲ್ಲಿ ಬಯಲಾಗಿದ್ದು 1982ರಲ್ಲಿ. ಆಮೇಲೆ ಹತ್ತಿರ ಹತ್ತಿರ ನಲವತ್ತು ವರ್ಷ ಅದಕ್ಕೆ ಒಂದೂ ಔಷಧಿ ಇಲ್ಲ. ಆಕಾರ ಗೊತ್ತಿರಲಿಲ್ಲ ಅಂತ ಅಲ್ಲ, ಆಕಾರ ಚೆನ್ನಾಗಿಯೇ ಗೊತ್ತಿತ್ತು! ಮೈಯೆಲ್ಲ ನುಣುಪು, ಔಷಧಿ ಹೋಗಿ ಕೂರಲು ಜಾಗವೇ ಇಲ್ಲ, ಇರುವ ಒಂದು ಜಾಗವನ್ನು ಜೀವಕೋಶದಲ್ಲೇ ಇರುವ ಜಿಟಿಪಿ ಅನ್ನುವ ಅಣು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಇದಕ್ಕೆ ಔಷಧಿ ಮಾಡೋಕೆ ಆಗಲ್ಲ ಅಂತ ಎಲ್ಲರೂ ಕೈಚೆಲ್ಲಿದ್ದರು. 2013ರಲ್ಲಿ ಅಮೆರಿಕದ ವಿಜ್ಞಾನಿ ಕೆವನ್ ಶೋಕಾಟ್ ಅವರ ತಂಡ, ಕೆರಾಸ್ ಸರಪಳಿಯ 12ನೇ ಜಾಗದಲ್ಲಿ ಸಿಸ್ಟೀನ್ ಅನ್ನುವ ಅಮೈನೊ ಆಮ್ಲ (ಪ್ರೋಟೀನ್ ಸರಪಳಿಯ ಒಂದು ಕೊಂಡಿ) ಬಂದಿರುವ ರೂಪವನ್ನು ತೆಗೆದುಕೊಂಡು, ಆ ಸಿಸ್ಟೀನಿಗೆ ಅಂಟುವ ಸಣ್ಣ ಅಣುಗಳನ್ನು ಹುಡುಕಿತು. ಅಂಟಿದ ಮೇಲೆ ಹರಳು ಮಾಡಿ ನೋಡಿದರೆ, ಹಿಂದಿನ ರಚನೆಗಳಲ್ಲಿ ಕಾಣದಿದ್ದ ಒಂದು ಪಾಕೆಟ್, ಅಂದರೆ ಔಷಧಿ ಕೂರಬಹುದಾದ ಗುಳಿ, ತೆರೆದುಕೊಂಡಿತ್ತು. ಔಷಧಿ ಬಂದಿದ್ದರಿಂದ ಬಾಗಿಲು ತೆರೆಯಿತು. ಅಲ್ಲಿಂದ ಹೊರಟ ಕೆಲಸ 2021ರಲ್ಲಿ ಸೊಟೊರಾಸಿಬ್ ಅನ್ನುವ ಔಷಧಿ ಆಗಿ, ಶ್ವಾಸಕೋಶದ ಕ್ಯಾನ್ಸರಿನ ಒಂದು ಬಗೆಗೆ ಒಪ್ಪಿಗೆ ಪಡೆಯಿತು.

ಪ್ರೋಟೀನ್ ಅಂದರೆ ನಿಂತ ವಸ್ತು ಅಲ್ಲ ಸ್ವಾಮಿ. ಅದು ಅಲುಗಾಡುತ್ತದೆ, ಬಾಗುತ್ತದೆ, ಯಾರು ಹತ್ತಿರ ಬಂದರು ಅನ್ನೋದರ ಮೇಲೆ ರೂಪ ಬದಲಿಸುತ್ತದೆ. ಒಂದು ಆಕಾರ ನೋಡಿ ಔಷಧಿ ಗೊತ್ತಾಯಿತು ಅನ್ನೋದು, ಮದುವೆ ಫೋಟೋ ನೋಡಿ ಸಂಸಾರ ಹೇಗಿದೆ ಅಂತ ಹೇಳಿದ ಹಾಗೆ. ಅದೂ ಆ 'ಎಲ್ಲ ಪ್ರೋಟೀನುಗಳ ಆಕಾರ' ಅನ್ನೋದು ಪೂರ್ತಿ ನಿಜವೂ ಅಲ್ಲ. ಮನುಷ್ಯರ ಪ್ರೋಟೀನುಗಳ ಬಗ್ಗೆ 2021ರಲ್ಲಿ ಆಲ್ಫಾಫೋಲ್ಡ್ ತಂಡವೇ ಬರೆದ ಪ್ರಬಂಧ ತೆಗೆದು ನೋಡಿ. ಭರವಸೆಯಿಂದ ಹೇಳಬಹುದಾದದ್ದು ಶೇ. 58 ಅಮೈನೊ ಆಮ್ಲಗಳ ಜಾಗ, ತುಂಬ ಭರವಸೆಯಿಂದ ಹೇಳಬಹುದಾದದ್ದು ಶೇ. 36. ಮಾಡಿದವರು ಇಷ್ಟು ಪ್ರಾಮಾಣಿಕವಾಗಿ ಹೇಳಿರುವಾಗ ಇವರು ವೇದಿಕೆ ಹತ್ತಿ 'ಎಲ್ಲ' ಅಂದುಬಿಡುತ್ತಾರೆ.

ಹಾಗಾದರೆ ಆಲ್ಫಾಫೋಲ್ಡ್ ದೊಡ್ಡ ಸಾಧನೆ ಅಲ್ವಾ? ಖಂಡಿತ ಹೌದು. ಪ್ರೋಟೀನ್ ಆಕಾರ ಊಹಿಸುವ ಕ್ಯಾಸ್ಪ್ ಸ್ಪರ್ಧೆಯಲ್ಲಿ 2020ರಲ್ಲಿ ಅದರ ಫಲಿತಾಂಶ ಬಂದಾಗ ನಾನು ಕುಣಿದಿದ್ದೆ, 2024ರ ನೊಬೆಲ್ ಅವರಿಗೆ ಸಲ್ಲಬೇಕಾದದ್ದೇ. 20 ಕೋಟಿಗೂ ಜಾಸ್ತಿ ಮಾದರಿಗಳನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟರು, ಅದೂ ದೊಡ್ಡ ಮನಸ್ಸು. ಆದರೆ ಅದನ್ನು ದಿನಾ ಬಳಸುವವರು ಯಾರು? ಲ್ಯಾಬಿನವರೇ. ಎಕ್ಸ್-ರೇ ಡೇಟಾ ಬಿಡಿಸಲಾಗದೆ ತಿಂಗಳುಗಟ್ಟಲೆ ಒದ್ದಾಡುತ್ತಿದ್ದವರಿಗೆ ಈಗ ಆ ಮಾದರಿ ಇಟ್ಟರೆ ದಾರಿ ಸಿಗುತ್ತದೆ, ಮಸುಕಾದ ಕ್ರಯೋ-ಇಎಂ ನಕ್ಷೆಯೊಳಗೆ ಯಾವ ತುಣುಕು ಎಲ್ಲಿ ಅಂತ ಕೂರಿಸಲು ಆಗುತ್ತದೆ. ಲ್ಯಾಬಿಗೆ ಸಿಕ್ಕ ಒಳ್ಳೆಯ ಸಲಕರಣೆಯನ್ನು ತೋರಿಸಿ ಲ್ಯಾಬೇ ಬೇಡ ಅನ್ನುತ್ತಿದ್ದಾರಲ್ಲ, ಇದು ಯಾವ ನ್ಯಾಯ?

ಇನ್ನು ಆಕಾರ ಸಿಕ್ಕಿ, ಅದಕ್ಕೆ ಕೂರುವ ಅಣುವೂ ಸಿಕ್ಕಿತು ಅಂತಿಟ್ಟುಕೊಳ್ಳಿ. ಆಮೇಲೆ? ಟೊರ್ಸೆಟ್ರಾಪಿಬ್ ಅಂತ ಒಂದು ಔಷಧಿ ಇತ್ತು. ಸಿಇಟಿಪಿ ಅನ್ನುವ ಪ್ರೋಟೀನನ್ನು ತಡೆಯೋದು ಅದರ ಕೆಲಸ, ಆ ಕೆಲಸವನ್ನು ಚೆನ್ನಾಗಿ ಮಾಡಿತು. 'ಒಳ್ಳೆಯ' ಕೊಲೆಸ್ಟರಾಲ್ ಶೇ. 72ರಷ್ಟು ಏರಿತು. ಆದರೆ ಸುಮಾರು 15,000 ಜನರ ಪ್ರಯೋಗದಲ್ಲಿ, ಔಷಧಿ ತೆಗೆದುಕೊಂಡವರಲ್ಲೇ ಸಾವು ಜಾಸ್ತಿ ಆಗಿ, 2006ರ ಡಿಸೆಂಬರಿನಲ್ಲಿ ಎಲ್ಲ ನಿಲ್ಲಿಸಬೇಕಾಯಿತು. ಮನುಷ್ಯರ ಮೇಲಿನ ಪರೀಕ್ಷೆಯ ಮೆಟ್ಟಿಲು ಹತ್ತಿದ ಔಷಧಿಗಳಲ್ಲಿ ಹತ್ತಕ್ಕೆ ಒಂಬತ್ತು ಸೋಲುತ್ತವೆ. ಜಾಸ್ತಿ ಭಾಗ ಸೋಲೋದು ಪ್ರೋಟೀನಿನ ಆಕಾರ ತಿಳಿಯದೆ ಅಲ್ಲ. ಆ ಪ್ರೋಟೀನನ್ನು ಮುಟ್ಟಿದರೆ ರೋಗ ನಿಜಕ್ಕೂ ಇಳಿಯುತ್ತದಾ, ಅಣು ಯಕೃತ್ತಿಗೆ ಏನು ಮಾಡುತ್ತದೆ, ದೇಹದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ, ಇಂಥ ಪ್ರಶ್ನೆಗಳಲ್ಲಿ ಸೋಲುತ್ತವೆ. ಅದಕ್ಕೆ ಉತ್ತರ ಬೇಕಾದರೆ ಬಯೋಕೆಮಿಸ್ಟ್ರಿ ಗೊತ್ತಿರುವವರು ಕೈಯಾರೆ ಮಾಡಿ ನೋಡಬೇಕು.

ಈ ಕಾಲದಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಔಷಧಿ ಲೆನಾಕಪವಿರ್. ಅದರ ಬಗ್ಗೆ ಇನ್ನೂ ಗೊತ್ತಿಲ್ಲದವರು ದಯವಿಟ್ಟು ಓದಿ. ಎಚ್‌ಐವಿ ವೈರಸ್ಸಿನ ಒಳಗೆ ಒಂದು ಕೋನ್ ಆಕಾರದ ಕವಚ ಇದೆ, ಒಂದೇ ಪ್ರೋಟೀನಿನ ಸುಮಾರು 1,500 ಪ್ರತಿಗಳು ಸೇರಿ ಕಟ್ಟಿದ್ದು. ಆರಾರು ಸೇರಿದ ಗುಂಪುಗಳು ಬಹಳ, ನಡುವೆ ಸರಿಯಾಗಿ 12 ಕಡೆ ಐದೈದರ ಗುಂಪು. ಅದು ಬರೀ ಡಬ್ಬಿ ಅಂತ ತುಂಬ ಜನ ತಿಳಿದಿದ್ದರು. ಅಮೆರಿಕದ ಬಯೋಕೆಮಿಸ್ಟ್ ವೆಸ್ಲಿ ಸುಂಡ್‌ಕ್ವಿಸ್ಟ್ ಥರದವರು ಮಾತ್ರ ಔಷಧಿಯ ಆಸೆ ಕಣ್ಣೆದುರು ಇಲ್ಲದಿದ್ದಾಗಲೂ ದಶಕಗಟ್ಟಲೆ ಆ ಕವಚದ ಒಂದೊಂದು ಅಮೈನೊ ಆಮ್ಲ ಬದಲಿಸಿ ನೋಡಿದರು. ಬಹಳಷ್ಟು ಕಡೆ ಚೂರು ಬದಲಾಯಿಸಿದರೂ ವೈರಸ್ಸಿನ ಕೆಲಸ ಕೆಡುತ್ತದೆ ಅಂತ ತಿಳಿದದ್ದು ಹಾಗೆ. ಲೆನಾಕಪವಿರ್ ಆ ಪ್ರತಿಗಳ ನಡುವಿನ ಸಂದಿಯಲ್ಲಿ ಹೋಗಿ ಕೂರುತ್ತದೆ. ಅದು ನೀರಿನಲ್ಲಿ ಸರಿಯಾಗಿ ಕರಗಲ್ಲ. ಮಾತ್ರೆಗೆ ಅದು ತೊಂದರೆ, ಆದರೆ ಚರ್ಮದ ಕೆಳಗೆ ಚುಚ್ಚಿದರೆ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ವರ್ಷಕ್ಕೆ ಎರಡು ಇಂಜೆಕ್ಷನ್ ಸಾಕು. ದಕ್ಷಿಣ ಆಫ್ರಿಕಾ ಮತ್ತು ಉಗಾಂಡದ ಹುಡುಗಿಯರು, ಯುವತಿಯರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ಇದನ್ನು ಪಡೆದ 2,134 ಜನರಲ್ಲಿ ಒಬ್ಬರಿಗೂ ಸೋಂಕು ತಗುಲಿರಲಿಲ್ಲ. ಸೊನ್ನೆ. ಆ ಸಂಖ್ಯೆ ಓದಿದಾಗ ಕಣ್ಣಲ್ಲಿ ನೀರು ಬಂತು, ಹೇಳಿಕೊಳ್ಳೋಕೆ ನಾಚಿಕೆ ಏನಿಲ್ಲ.

ಇಂಥ ಕೆಲಸ ಶುರುವಾದಾಗ 'ಇದರಿಂದ ಏನು ಪ್ರಯೋಜನ' ಅಂತ ಯಾರಾದರೂ ದುಡ್ಡು ನಿಲ್ಲಿಸಿದ್ದರೆ? ನಿಲ್ಲಿಸುವವರು ಈಗಲೂ ಇದ್ದಾರೆ, ಈಗ ಅವರ ಕೈಗೆ ಎಐ ಅನ್ನುವ ನೆಪವೂ ಸಿಕ್ಕಿದೆ. ಮೊನ್ನೆ ಒಬ್ಬಳು ಹುಡುಗಿ ಮೆಸೇಜ್ ಮಾಡಿ, ಕ್ರಿಸ್ಟಲೋಗ್ರಫಿ (ಇದೇ ಹರಳು, ಎಕ್ಸ್-ರೇ ಕೆಲಸ) ಕಲಿತರೆ ಕೆಲಸ ಸಿಗುತ್ತಾ ಮೇಡಂ, ಎಲ್ಲರೂ ಬೇಡ ಅಂತಿದ್ದಾರೆ ಅಂತ ಕೇಳಿದಳು. ಕೋಡಿಂಗ್ ಕಲಿ, ಆದರೆ ಪ್ರೋಟೀನ್ ಮಾಡೋದನ್ನೂ ಕೈಯಾರೆ ಕಲಿ ಅಂದೆ. ಕಂಪ್ಯೂಟರ್ ಕೊಟ್ಟ ಮಾದರಿ ಎಲ್ಲಿ ಸರಿ, ಎಲ್ಲಿ ತಪ್ಪು ಅಂತ ಪರೀಕ್ಷಿಸಿ ಹೇಳುವ ಜನ ಕಮ್ಮಿಯಾಗುತ್ತಿದ್ದಾರೆ.

ಕಾಮೆಂಟಿನಲ್ಲಿ ವಾದ ಮಾಡುವವರು ಮಾಡಿ, ನನಗೇನೂ ಬೇಜಾರಿಲ್ಲ. ಆದರೆ ಒಂದು ಕೆಲಸ ಮಾಡಿ. ಯಾರೂ ಪ್ರೋಟೀನ್ ತಯಾರಿಸದೆ, ಯಾರೂ ಅಣುವನ್ನು ಜೀವಕೋಶದ ಮೇಲೆ ಹಾಕಿ ನೋಡದೆ, ಕಂಪ್ಯೂಟರಿನಿಂದ ನೇರ ರೋಗಿಯ ಕೈಗೆ ಬಂದು ಒಪ್ಪಿಗೆ ಪಡೆದ ಒಂದೇ ಒಂದು ಔಷಧಿಯ ಹೆಸರು ಬರೆಯಿರಿ. ಅಲ್ಲಿಂದ ಮಾತು ಮುಂದುವರಿಸೋಣ.