ಮಾದರಿ ವ್ಯಾಗನ್ನಿನ ಮೇಲೆ ಕೈಯಿಂದಲೇ ಅಕ್ಷರ ಬರೆಯಬೇಕೇ?

ಪರ: ಕುಂಚವೇ ಸರಿ

ಲೋಂಡಾ ಜಂಕ್ಷನ್ನಿನಲ್ಲಿ ಗೂಡ್ಸ್ ರೈಲು ನಿಂತಾಗ ಹತ್ತಿರದಿಂದ ನೋಡಿ. ಕೆಂಗಂದು ಮೈಮೇಲೆ ಬಿಳಿ ಅಕ್ಷರಗಳು. ಕೆಲವು ಸ್ಟೆನ್ಸಿಲ್ ಇಟ್ಟು ಬಳಿದವು, ಕೆಲವು ಕೈಯಿಂದ ತಿದ್ದಿದವು. ದುರಸ್ತಿಯ ಹಳೆಯ ದಿನಾಂಕವನ್ನು ಬಣ್ಣದಿಂದ ಮುಚ್ಚಿ ಹೊಸದನ್ನು ಬರೆದಿರುತ್ತಾರೆ. ಅದರ ಪಕ್ಕದಲ್ಲೇ ಯಾರ್ಡಿನ ಸಿಬ್ಬಂದಿ ಸೀಮೆಸುಣ್ಣದಲ್ಲಿ ಗೀಚಿದ ಗುರುತು. ಒಂದು ವ್ಯಾಗನ್ನಿನ ಎಂಟು ಇನ್ನೊಂದರ ಎಂಟಿನಂತಿಲ್ಲ. ಇಂಥ ವ್ಯಾಗನ್ನಿನ ಮಾದರಿ ಮಾಡಿ, ಕಂಪ್ಯೂಟರಿನ ನಯವಾದ ಅಕ್ಷರ ಅಂಟಿಸಿದರೆ ಅದು ಅಂಗಡಿಯ ಆಟಿಕೆಯಾಗಿಯೇ ಉಳಿಯುತ್ತದೆ.

ಡೆಕಾಲ್ (ತೆಳು ಹಾಳೆಯ ಮೇಲೆ ಮುದ್ರಿಸಿ, ನೀರಿನಲ್ಲಿ ನೆನೆಸಿ ಅಂಟಿಸುವ ಅಕ್ಷರ) ಬೇಕೆನ್ನುವವರು ಮೊದಲು ಬಿಳಿ ಬಣ್ಣಕ್ಕೆ ಉತ್ತರ ಹೇಳಲಿ. ಝೆರಾಕ್ಸ್ ಅಂಗಡಿಯ ಪ್ರಿಂಟರಿನಲ್ಲಿ ಬಿಳಿ ಶಾಯಿಯೇ ಇರುವುದಿಲ್ಲ. ಪಾರದರ್ಶಕ ಹಾಳೆಯ ಮೇಲೆ ಬಿಳಿ ಅಕ್ಷರ ಮುದ್ರಿಸಿ ಎಂದರೆ ಖಾಲಿ ಹಾಳೆ ಹೊರಗೆ ಬರುತ್ತದೆ. ಬಿಳಿ ಹಾಳೆ ತಂದು, ಸುತ್ತಲೂ ಕೆಂಗಂದು ಮುದ್ರಿಸಿ, ಅಕ್ಷರದ ಜಾಗವನ್ನು ಖಾಲಿ ಬಿಡುವ ಉಪಾಯವೂ ಇದೆ. ಆದರೆ ಪ್ರಿಂಟರಿನ ಕೆಂಗಂದು ಡಬ್ಬಿಯ ರೆಡ್ ಆಕ್ಸೈಡಿಗೆ ಜನ್ಮದಲ್ಲಿ ಹೊಂದುವುದಿಲ್ಲ. ವ್ಯಾಗನ್ನಿಗೆ ತೇಪೆ ಹಾಕಿದ್ದು ಎದ್ದು ಕಾಣುತ್ತದೆ.

ಕೈಬರಹ ಜನ ಹೆದರುವಷ್ಟು ಕಷ್ಟವಲ್ಲ. ಮೈಗೆ ಅಕ್ರಿಲಿಕ್ ಬಣ್ಣ ಕೊಟ್ಟು ಪೂರ್ತಿ ಒಣಗಲು ಬಿಡಿ. ಅಕ್ಷರವನ್ನು ಬಿಳಿ ಎನಾಮಲ್‌ನಿಂದ ಬರೆಯಿರಿ. ಗೆರೆ ಓರೆಯಾದರೆ ಟರ್ಪೆಂಟೈನಿನಲ್ಲಿ ಅದ್ದಿ ಹಿಂಡಿದ ಕುಂಚದಿಂದ ಆಗಲೇ ಒರೆಸಿ. ಅಕ್ಷರ ಹೋಗುತ್ತದೆ, ಕೆಳಗಿನ ಬಣ್ಣ ಕದಲುವುದಿಲ್ಲ.

ಕಲಿಸುವವರೂ ಊರಲ್ಲೇ ಇದ್ದಾರೆ. ಒಂದೇ ಹಲಗೆಯ ಮೇಲೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಹೊಂದಿಸಿ ಬರೆದ ಬೆಳಗಾವಿಯ ಬೋರ್ಡ್ ಪೇಂಟರುಗಳ ಕೆಲಸವನ್ನು ಫ್ಲೆಕ್ಸ್ ಕಸಿದುಕೊಂಡಿದೆ. ವ್ಯಾಗನ್ನಿಗೂ ನಾಗರಿ, ರೋಮನ್ ಎರಡೂ ಬೇಕು. ಮುಂಗೈಗೆ ಕೋಲಿನ ಆಸರೆ ಕೊಡುವುದು, ಅಕ್ಷರಕ್ಕಿಂತ ಮೊದಲು ಅಕ್ಷರಗಳ ನಡುವಿನ ಜಾಗವನ್ನು ಅಳೆಯುವುದು, ಇವೆಲ್ಲ ಅವರ ಪಕ್ಕದಲ್ಲಿ ಕುಳಿತು ನೋಡಿದರೆ ಬರುವ ವಿದ್ಯೆ.

ವಿರೋಧ: ಅಂಕಿ ಓದುವಂತಿರಲಿ

ಬೋರ್ಡ್ ಪೇಂಟರುಗಳ ಬಗ್ಗೆ ನನಗೂ ಗೌರವವಿದೆ. ಆದರೆ ಅವರು ಬರೆಯುವುದು ಗೇಣುದ್ದದ ಅಕ್ಷರ. ಕಲ್ಲಿದ್ದಲು ಹೊರುವ, ಮೇಲ್ಭಾಗ ತೆರೆದ ಬಾಕ್ಸ್‌ಎನ್ ವ್ಯಾಗನ್ನಿನ ಉದ್ದ ಸುಮಾರು 10.7 ಮೀಟರ್; 1:87 ಪ್ರಮಾಣದ ಎಚ್‌ಒ ಮಾದರಿಯಲ್ಲಿ ಅದು 12 ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ನಿಜ ವ್ಯಾಗನ್ನಿನ ಐದು ಸೆಂಟಿಮೀಟರ್ ಎತ್ತರದ ಅಕ್ಷರ ಇಲ್ಲಿ 0.6 ಮಿಲಿಮೀಟರ್ ಕೂಡ ಇರುವುದಿಲ್ಲ. ಆ ಅಳತೆಯಲ್ಲಿ ಕುಂಚ ಬರೆಯುವುದು ಅಕ್ಷರವನ್ನಲ್ಲ, ಚುಕ್ಕೆಯನ್ನು.

ಅಷ್ಟಕ್ಕೂ ವ್ಯಾಗನ್ನಿನ ಸಂಖ್ಯೆ ಅಲಂಕಾರಕ್ಕೆ ಬರೆದದ್ದಲ್ಲ. ಹನ್ನೊಂದು ಅಂಕಿಗಳಲ್ಲಿ ಮೊದಲ ಎರಡು ವ್ಯಾಗನ್ನಿನ ಬಗೆ, ಮುಂದಿನ ಎರಡು ಅದು ಯಾವ ವಲಯದ್ದು ಎಂಬುದು (ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನಮ್ಮ ನೈಋತ್ಯ ರೈಲ್ವೆಗೆ 15), ಆಮೇಲಿನ ಎರಡು ತಯಾರಾದ ವರ್ಷ, ನಂತರದ ನಾಲ್ಕು ಅದರ ಸ್ವಂತ ಕ್ರಮಸಂಖ್ಯೆ. ಕೊನೆಯದು ಹಿಂದಿನ ಹತ್ತರಿಂದ ಲೆಕ್ಕ ಹಾಕಿ ಬರುವ ತಾಳೆಯ ಅಂಕಿ. ಮೂರು ಎಂಟಿನಂತೆ ಕಂಡರೆ ಸಾಕು, ಲೆಕ್ಕ ತಪ್ಪುತ್ತದೆ. ಬಲ್ಲವರು ಕೂಡಿಸಿ ನೋಡಿ ನಗುತ್ತಾರೆ. ಹತ್ತು ವ್ಯಾಗನ್ನುಗಳ ಚಿಕ್ಕ ರೈಲಿನ ಎರಡೂ ಬದಿಗೆ ಈ ಸಂಖ್ಯೆ ಬರೆಯಲು 220 ಅಂಕಿಗಳಾದವು. ತೂಕ, ಸಾಮರ್ಥ್ಯ, ದುರಸ್ತಿಯ ದಿನಾಂಕ ಇನ್ನೂ ಬಾಕಿ.

ಬಿಳಿ ಶಾಯಿಯ ಮಾತು ನಿಜ. ಆದರೆ ಲಗ್ನಪತ್ರಿಕೆ ಅಚ್ಚು ಹಾಕುವವರ ಬಳಿ ಹೋಗಿ ಕೇಳಿ. ಗಾಢ ಬಣ್ಣದ ಕಾಗದದ ಮೇಲೆ ಬಿಳಿ, ಬಂಗಾರದ ಬಣ್ಣ ಹಾಕುವ ಸ್ಕ್ರೀನ್ ಪ್ರಿಂಟಿಂಗ್ ಅವರಿಗೆ ನೀರು ಕುಡಿದಷ್ಟು ಸುಲಭ. ನೀವು ಡೆಕಾಲ್ ಹಾಳೆ ಒಯ್ದು ಕೊಡಬೇಕು, ನವಿರಾದ ಜಾಲರಿ ಬಳಸಿ ಎಂದು ಹೇಳಬೇಕು. ಒಂದು ಚೌಕಟ್ಟಿನಲ್ಲಿ ಇಡೀ ರೈಲಿಗಾಗುವಷ್ಟು ಅಕ್ಷರ ಬರುತ್ತದೆ.

ಡೆಕಾಲ್ ಅಂಟಿಸಿದ್ದು ಗೊತ್ತಾಗುತ್ತದೆ ಎನ್ನುವವರು ಅದನ್ನು ಒರಟು ಮೈಮೇಲೆ ಅಂಟಿಸಿರುತ್ತಾರೆ. ಸಣ್ಣ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡು ಅಕ್ಷರದ ಸುತ್ತ ಬೆಳ್ಳಿಯಂಥ ಹೊಳಪು ಮೂಡುತ್ತದೆ. ಮೊದಲು ಹೊಳಪಿನ ವಾರ್ನಿಷ್, ಅದರ ಮೇಲೆ ಡೆಕಾಲ್, ಪಟ್ಟಿಗಳ ಏರಿಳಿತಕ್ಕೆ ಅದು ಬಾಗಿ ಕೂರುವಂತೆ ಮೆದುಗೊಳಿಸುವ ದ್ರಾವಣ, ಕೊನೆಗೆ ಮಂಕು ವಾರ್ನಿಷ್. ಈ ಕ್ರಮ ಪಾಲಿಸಿದರೆ ಅಂಚು ಕಾಣುವುದಿಲ್ಲ. ಹವೆಯನ್ನೂ ನೋಡಿಕೊಳ್ಳಿ. ಬೆಳಗಾವಿಯ ಜಿಟಿಜಿಟಿ ಮಳೆಯಲ್ಲಿ ಸ್ಪ್ರೇ ವಾರ್ನಿಷ್ ಹಾಲಿನಂತೆ ಬೆಳ್ಳಗಾಗಬಹುದು. ವಿಜಯಪುರದ ಬೇಸಿಗೆಯಲ್ಲಿ ಏರ್‌ಬ್ರಷ್‌ನ ಬಣ್ಣ ಮೈಗೆ ತಾಗುವ ಮೊದಲೇ ಒಣಗಿ ತರಿತರಿಯಾಗುತ್ತದೆ. ಅಲ್ಲಿನವರು ನಸುಕಿನಲ್ಲೇ ಬಣ್ಣ ಹೊಡೆಯುವುದು ಮೇಲು.

ಎಚ್‌ಒ ಹಳಿಗಳ ಅಂತರ 16.5 ಮಿಲಿಮೀಟರ್, ನಮ್ಮ 1676 ಮಿಲಿಮೀಟರಿನ ಬ್ರಾಡ್‌ಗೇಜ್ ಆ ಪ್ರಮಾಣದಲ್ಲಿ 19 ದಾಟಬೇಕು. ಹಳಿಯಲ್ಲೇ ರಾಜಿಯಾದವರಿಗೆ ಅಕ್ಷರದಲ್ಲಿ ಇಷ್ಟು ಮಡಿ ಏಕೆ ಎಂದು ಕೇಳಬಹುದು. ಹಳಿ ಬದಲಿಸಲು ದುಡ್ಡು ಬೇಕು, ಸಂಖ್ಯೆ ಸರಿಯಿಡಲು ಕೂಡಿಸುವ ಲೆಕ್ಕ ಬಂದರೆ ಸಾಕು.

ಒಂದು ಮಾತು ಮಾತ್ರ ಒಪ್ಪುತ್ತೇನೆ. ಕೂಡಗಿಯ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಹೊರುವ ವ್ಯಾಗನ್ ಮಾಡುವವರು ಮಂಕು ವಾರ್ನಿಷ್ ಒಣಗಿದ ಮೇಲೆ ಕಪ್ಪು ಪುಡಿ ಉಜ್ಜಲಿ, ಸೀಮೆಸುಣ್ಣದ ಗೀಚನ್ನು ಕೈಯಿಂದಲೇ ಹಾಕಲಿ. ಅದಕ್ಕೆ ಕುಂಚವೂ ಬೇಡ. ಚೂಪು ಮಾಡಿದ ಬಿಳಿ ಬಣ್ಣದ ಪೆನ್ಸಿಲ್ ಸಾಕು.