ಕಂತು ತಪ್ಪಬಾರದು ಅಂತ ಮಾತ್ರೆ ತಪ್ಪಿಸುವವರು

ಸಂಘದ ಸಾಲದ ಮಾತು ಬಂದರೆ ನಾವೆಲ್ಲ ಬಡ್ಡಿ ಲೆಕ್ಕ ಹಾಕುತ್ತೇವೆ. ಸಾಲ ತಗೊಂಡ ಹೆಂಗಸಿನ ಆರೋಗ್ಯ ಏನಾಗಿದೆ ಅಂತ ಕೇಳುವವರು ಕಡಿಮೆ.

ನಮ್ಮ ಬೀದಿಯಲ್ಲಿ ಮನೆಗೆಲಸಕ್ಕೆ ಹೋಗುವ ಅಕ್ಕ ಒಬ್ಬರಿದ್ದಾರೆ. ದಿನಾ ತಗೋಬೇಕಾದ ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ತಗೊಳ್ಳುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತೆ ನಿಜ, ಆದರೆ ಅಲ್ಲಿ ಕ್ಯೂ ನಿಂತರೆ ಆ ದಿನದ ಕೆಲಸ ಹೋಯಿತು. "ಯಾಕಕ್ಕಾ ಹೀಗೆ?" ಅಂದರೆ, "ಮಾತ್ರೆ ಬಿಟ್ರೆ ನಂಗೊಬ್ಳಿಗೇ ಗೊತ್ತಾಗೋದು. ಕಂತು ಬಿಟ್ರೆ ಬೀದಿಗೆಲ್ಲಾ ಗೊತ್ತಾಗುತ್ತಲ್ಲಮ್ಮಾ" ಅಂದರು.

ಗುಂಪು ಸಾಲ ನಡೆಯುವುದೇ ಹೀಗೆ. ಅಡವಿಡಲು ಏನೂ ಇಲ್ಲದವರಿಗೆ ಅಕ್ಕಪಕ್ಕದ ಹೆಂಗಸರೇ ಜಾಮೀನು. ಒಬ್ಬಳು ಕಟ್ಟದಿದ್ದರೆ ಉಳಿದವರು ಕೈಯಿಂದ ಹಾಕಬೇಕು. ಕಲೆಕ್ಷನ್‌ನವರು ಜೋರು ಮಾಡುವುದಕ್ಕೂ ಮುಂಚೆ, ದಿನಾ ಜೊತೆಗೆ ನೀರು ಹಿಡಿಯುವ ಗೆಳತಿಯೇ ಮುಖ ತಿರುಗಿಸುತ್ತಾಳೆ. ಕಂತಿನ ಹಿಂದಿನ ರಾತ್ರಿ ನಿದ್ದೆ ಹತ್ತುವುದಿಲ್ಲ. ಹಾಲು, ತರಕಾರಿ ಕಡಿಮೆಯಾಗುತ್ತೆ. ಅದೂ ಗಂಡ, ಮಕ್ಕಳ ತಟ್ಟೆಯಲ್ಲಲ್ಲ, ಕೊನೆಗೆ ಉಣ್ಣುವವಳ ತಟ್ಟೆಯಲ್ಲಿ.

ಸಾಲವೇ ಬೇಡ ಅಂತ ನಾನು ಹೇಳುತ್ತಿಲ್ಲ. ಇದೇ ಅಕ್ಕ ಮೊದಲ ಸಾಲದಲ್ಲಿ ಹೊಲಿಗೆ ಮಷಿನ್ ತಗೊಂಡರು. ಸಂಜೆ ಬ್ಲೌಸ್ ಹೊಲಿದೇ ಅದನ್ನು ತೀರಿಸಿದರು. ಎರಡನೆಯದು ಗಂಡನ ಆಪರೇಷನ್‌ಗೆ. ಆಪರೇಷನ್ ದುಡಿದು ಕೊಡುವುದಿಲ್ಲ ಅಲ್ವಾ? ಅದರ ಕಂತು ಕಟ್ಟಲು ಮೂರನೆಯ ಸಾಲ ಮಾಡಬೇಕಾಯಿತು.

2025ರ ಜನವರಿಯಲ್ಲಿ ಸಾಲ ವಸೂಲಿಯ ಕಾಟ ತಾಳದೆ ಚಾಮರಾಜನಗರದ ಕಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಹಾವೇರಿ ಜಿಲ್ಲೆಯ ಹೆಂಗಸರು ಮುಖ್ಯಮಂತ್ರಿಗೆ ಮಾಂಗಲ್ಯ ಕಳಿಸಿದರು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರದ ಸುಗ್ರೀವಾಜ್ಞೆ ಬಂತು. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಬೇಕಿತ್ತು, ಬಂತು. ಆದರೆ ಯಾರೂ ಬಂದು ಬೈಯದ ಮನೆಯಲ್ಲೂ ಮಾತ್ರೆ ತಪ್ಪುತ್ತಿದೆಯಲ್ಲ, ಅದಕ್ಕೆ ಯಾರ ಮೇಲೆ ಕೇಸು ಹಾಕುವುದು?

ಎಲ್ಲ ಸಾಲದ ಕಂತೂ ಸೇರಿ ಮನೆಯ ತಿಂಗಳ ಆದಾಯದ ಶೇ 50 ದಾಟಬಾರದು ಅಂತ ರಿಸರ್ವ್ ಬ್ಯಾಂಕಿನ 2022ರ ನಿಯಮ ಇದೆ. ಕೂಲಿ ಮನೆಗೆ ಅರ್ಧ ಅಂದರೆ ತುಂಬಾ ಜಾಸ್ತಿ ಆಯಿತು ಅನ್ನುವುದು ನನ್ನ ಅನಿಸಿಕೆ. ಒಂದು ವಾರ ಜ್ವರ ಬಂದು ಮಲಗಿದರೆ ಆದಾಯ ನಿಲ್ಲುತ್ತೆ, ಕಂತು ನಿಲ್ಲುವುದಿಲ್ಲ.

ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಕಂತು ತಾನಾಗೇ ಮುಂದಕ್ಕೆ ಹೋಗಬೇಕು. ಅದಕ್ಕೆ ಮೇಲೆ ಬಡ್ಡಿ ಬೀಳಬಾರದು, ಗುಂಪಿನವರಿಂದ ವಸೂಲಿ ಮಾಡಬಾರದು. ಇದನ್ನು ಸಾಲದ ಕಾಗದದಲ್ಲೇ ಕನ್ನಡದಲ್ಲಿ ಬರೆದು, ಸಹಿ ಹಾಕಿಸಿಕೊಳ್ಳುವ ಮುಂಚೆ ಓದಿ ಹೇಳಬೇಕು.