ಪುಣ್ಯಾತ್ಮ ಕೊರೀತಾ ಇದ್ದಾನೆ, ಕುಕ್ಕರ್ ಇಳಿಸು

ಮನೆಯಿಂದ ಮೀಟಿಂಗ್ ಶುರು ಮಾಡಿದ ಮೊದಲ ವಾರ ಅವ್ವ ಬಾಗಿಲ ಹತ್ತಿರ ನಿಂತು, ನನ್ನ ಲ್ಯಾಪ್‌ಟಾಪಿನೊಳಗೆ ಇಣುಕಿ, "ಎಷ್ಟ್ ಮಂದಿ ಬಂದಾರ? ಚಾ ಎಷ್ಟ್ ಕಪ್ ಇಡಲಿ?" ಅಂತ ಕೇಳಿದಳು. ಹದಿನಾಲ್ಕು ಮಂದಿ ಬಂದಿದ್ದರು. ನನ್ನ ಮೈಕ್ ಆನ್ ಇತ್ತು. ಆ ಹದಿನಾಲ್ಕರಲ್ಲಿ ಕನ್ನಡ ಬರುವವಳು ಒಬ್ಬಳೇ, ಉಡುಪಿ ಕಡೆಯ ಹುಡುಗಿ. ಅವಳು ಸುಮ್ನೆ ಇರಬಾರದಾ? "ನಂಗೆ ಸಕ್ಕರೆ ಕಮ್ಮಿ, ಅಜ್ಜಿ" ಅಂದುಬಿಟ್ಟಳು. ಅವತ್ತಿಡೀ ಅವ್ವನದು ಒಂದೇ ಚಿಂತೆ, "ಅದರಾಗ ಇರೋ ಹುಡುಗಿ ಚಾ ಹೆಂಗ ಕುಡೀತಾಳೋ?"

ನಾವು ಧಾರವಾಡದವರು, ಪುಣೆಗೆ ಬಂದು ಇಪ್ಪತ್ತು ವರ್ಷ ಆಯಿತು, ಕೋಥ್ರೂಡಿನಲ್ಲಿ ಮನೆ, ಹಿಂಜೇವಾಡಿಯಲ್ಲಿ ಆಫೀಸು. ಈಗ ನಮ್ಮದು ಹೈಬ್ರಿಡ್ ಪದ್ಧತಿ. ಮಂಗಳವಾರ, ಬುಧವಾರ, ಗುರುವಾರ ಆಫೀಸಿಗೆ ಹೋಗಬೇಕು, ಸೋಮವಾರ, ಶುಕ್ರವಾರ ಮನೆ. ಇದನ್ನು ಅವ್ವನಿಗೆ ವಿವರಿಸಿದಾಗ ಅವಳ ಮುಖ ಸಣ್ಣದಾಯಿತು. ಹೈಬ್ರಿಡ್ ಅನ್ನೋ ಪದ ಅವಳಿಗೆ ಹೊಸದಲ್ಲ. 1972ರಲ್ಲಿ ವರಲಕ್ಷ್ಮಿ ಅನ್ನೋ ಹೈಬ್ರಿಡ್ ಹತ್ತಿ ಬಂದದ್ದು ನಮ್ಮ ಧಾರವಾಡದಿಂದಲೇ. ಹತ್ತಿ ಬಗ್ಗೆ ಅವಳ ತಕರಾರು ಇಲ್ಲ, ಸಿಟ್ಟೆಲ್ಲ ಹೈಬ್ರಿಡ್ ಜೋಳದ ಮೇಲೆ. "ಇಳುವರಿ ಭಾಳ, ರುಚಿ ಇಲ್ಲ, ರೊಟ್ಟಿ ಗಂಟಲಾಗ ಇಳಿಯೂದಿಲ್ಲ" ಅಂದಳು. ನಮ್ಮ ಆಫೀಸಿನ ಬಗ್ಗೆ ಇಷ್ಟು ಸರಿಯಾದ ಮಾತನ್ನು ನಾನು ಇನ್ನೂ ಯಾರ ಬಾಯಲ್ಲೂ ಕೇಳಿಲ್ಲ.

ಆಫೀಸಿಗೆ ಹೋಗೋ ದಾರಿ ಬಗ್ಗೆ ಜಾಸ್ತಿ ಹೇಳಲ್ಲ, ಪುಣೆಯವರಿಗೆ ಗೊತ್ತು. ಚಾಂದಣಿ ಚೌಕದ ಹಳೇ ಸೇತುವೆಯನ್ನು 2022ರ ಅಕ್ಟೋಬರಿನಲ್ಲಿ ಮಧ್ಯರಾತ್ರಿ ಸ್ಫೋಟಿಸಿ ಕೆಡವಿದರು, ಮರುವರ್ಷ ಹೊಸ ಫ್ಲೈಓವರ್ ಬಂತು, ಅದರ ಮೇಲೆ ಹೋಗುವಾಗ ಮನಸ್ಸು ಪ್ರತಿ ಸಲ ಒಂದು ಕ್ಷಣ ತೂಗಾಡುತ್ತೆ. ಅದು ಮುಂಬೈ–ಬೆಂಗಳೂರು ಹೆದ್ದಾರಿ ನೋಡಿ, ಬಲಕ್ಕೆ ತಿರುಗಿದರೆ ಹಿಂಜೇವಾಡಿ, ಎಡಕ್ಕೆ ತಿರುಗಿ ಸುಮ್ನೆ ಹೋಗ್ತಾ ಇದ್ದರೆ ಸಾತಾರ, ಕೊಲ್ಹಾಪುರ, ಬೆಳಗಾವಿ, ಮಧ್ಯಾಹ್ನದ ಊಟಕ್ಕೆ ಧಾರವಾಡ. ಇಲ್ಲಿಯವರೆಗೆ ಬಲಕ್ಕೇ ತಿರುಗಿದ್ದೇನೆ.

ಇಷ್ಟು ಕಷ್ಟಪಟ್ಟು ಆಫೀಸು ಸೇರಿ ಮಾಡೋದೇನು ಅಂದರೆ, ಅಲ್ಲಿ ಕೂತು ಮನೆಯಲ್ಲಿರುವವರ ಜೊತೆ ವಿಡಿಯೋದಲ್ಲಿ ಮಾತಾಡೋದು. ತಂಡದ ಅರ್ಧ ಜನ ಅಲ್ಲಿ, ಅರ್ಧ ಜನ ಇಲ್ಲಿ, ಒಬ್ಬ ಹುಡುಗ ಪಣಜಿಯಲ್ಲಿ. ನನ್ನ ಹುದ್ದೆಯ ಹೆಸರು ಭಾರಿ ಉದ್ದ ಇದೆ, ವಿಸಿಟಿಂಗ್ ಕಾರ್ಡಿನಲ್ಲಿ ಎರಡು ಸಾಲು ಹಿಡಿಯುತ್ತೆ, ಆದರೆ ಕೆಲಸ ಮಾತ್ರ "ಆವಾಜ್ ಯೇತೋಯ್ ಕಾ?", ಅಂದರೆ ದನಿ ಕೇಳಿಸ್ತಿದೆಯಾ, ಅಂತ ಕೇಳೋದು. ಮೊದಲು ಮರಾಠಿಯಲ್ಲಿ, ಆಮೇಲೆ ಹಿಂದಿಯಲ್ಲಿ, ಕೊನೆಗೆ ಇಂಗ್ಲಿಷಿನಲ್ಲಿ. ಮೂರೂ ಭಾಷೆಯಲ್ಲಿ ಕೇಳಿದ ಮೇಲೆ ಯಾರಾದರೊಬ್ಬರು, ಸಾರ್ ನೀವು ಮ್ಯೂಟ್‌ನಲ್ಲಿದ್ದೀರಿ ಅಂತ ಬರೆದು ಕಳಿಸುತ್ತಾರೆ.

ಒಂದು ಬುಧವಾರ ನಾವು ಏಳು ಮಂದಿ ಒಂದೇ ಕೋಣೆಯಲ್ಲಿ ಕೂತು, ಎಲ್ಲರೂ ಅವರವರ ಲ್ಯಾಪ್‌ಟಾಪಿನಿಂದ ಅದೇ ಮೀಟಿಂಗಿಗೆ ಸೇರಿಕೊಂಡೆವು. ಮನೆಯಲ್ಲಿರುವವರಿಗೆ ಎಲ್ಲರ ಮುಖ ಸಮನಾಗಿ ಕಾಣಲಿ ಅನ್ನೋದು ನನ್ನದೇ ಐಡಿಯಾ. ನಾನು "ಹಲೋ" ಅಂದೆ. ನನ್ನ ಹಲೋ ಪಕ್ಕದವನ ಸ್ಪೀಕರಿನಿಂದ ಹೊರಗೆ ಬಂದು, ಅವನ ಎದುರಿನವಳ ಮೈಕಿನೊಳಗೆ ಹೋಗಿ, ಇಂಟರ್‌ನೆಟ್ಟಿನಲ್ಲಿ ಒಂದು ಸುತ್ತು ಹಾಕಿ ಮತ್ತೆ ಏಳೂ ಸ್ಪೀಕರಿನಿಂದ ಹೊರಗೆ ಬಂತು. ಅದು ಮತ್ತೆ ಏಳು ಮೈಕಿಗೆ. ಕೆಲವೇ ಸೆಕೆಂಡಿನಲ್ಲಿ ಮದುವೆ ಮಂಟಪದ ಮೈಕ್ ಕೂಗಿದ ಹಾಗೆ ಒಂದು ಕೂಗು ಎದ್ದಿತು ನೋಡಿ, ಪ್ಯಾಂಟ್ರಿಯ ಕಾಕಾ ಚಹಾ ತಟ್ಟೆ ಹಿಡಿದುಕೊಂಡೇ ಬಾಗಿಲಿಂದ ವಾಪಸ್ ಹೋದರು.

ಅವತ್ತಿನಿಂದ ಕೋಣೆಗೆ ಒಂದೇ ಮೈಕ್ ಅಂತ ಆಯಿತು. ಮೇಜಿನ ನಡುವೆ ಕರಿ ತಟ್ಟೆಯಂಥದ್ದು, ನಾಲ್ಕೂ ಕಡೆಯ ಮಾತು ಹಿಡಿಯುತ್ತೆ. ಅದರ ಪಕ್ಕದಲ್ಲೇ ಬಾಕರವಡಿ ತಟ್ಟೆ ಇಟ್ಟದ್ದು ಯಾರೋ ನನಗೆ ಗೊತ್ತಿಲ್ಲ (ನಾನೇ). ಪುಣೆಯ ಬಾಕರವಡಿ ಗೊತ್ತಲ್ವಾ, ಒಳಗೆ ಮಸಾಲೆ, ಹೊರಗೆ ಕಟಕಟ. ಏಳು ಬಾಯಿ ಒಟ್ಟಿಗೆ ಅದನ್ನು ಅಗಿಯುತ್ತಿದ್ದರೆ ಆ ಮೈಕಿಗೆ ಬೇರೇನೂ ಕೇಳಿಸುವ ಹಾಗಿರಲಿಲ್ಲ. ಪಣಜಿಯ ಹುಡುಗ, "ಸಾರ್, ಲೈನ್ ಕಟಕಟ ಅಂತಿದೆ, ರೂಟರ್ ರೀಸ್ಟಾರ್ಟ್ ಮಾಡಿ ಬರ್ತೀನಿ" ಅಂತ ಹೋದ. ಬಂದ. ನಾವು ಎರಡನೇ ಸುತ್ತಿಗೆ ಕೈ ಹಾಕಿದ್ದೆವು. ಅವನು ಮತ್ತೆ ಹೋದ. ಮೂರನೇ ಸಲ ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿ ದೂರು ಕೊಟ್ಟು ಬಂದ, ಅಷ್ಟು ಹೊತ್ತಿಗೆ ತಟ್ಟೆ ಖಾಲಿ, ಲೈನ್ ಕ್ಲಿಯರ್. ದೂರು ಕೊಟ್ಟ ಕೂಡಲೇ ಸರಿ ಮಾಡಿದರು, ಸರ್ವೀಸ್ ಚೆನ್ನಾಗಿದೆ ಅಂತ ಅವನು ಹೊಗಳಿದ. ನಾವು ಏಳೂ ಜನ ತಲೆ ಆಡಿಸಿದೆವು. ನಿಜ ಇವತ್ತಿಗೂ ಹೇಳಿಲ್ಲ.

ಇನ್ನು ಬರೆದು ಕಳಿಸೋ ಸಂದೇಶದ ವಿಷಯ. ಒಂದು ಶುಕ್ರವಾರ ಮಧ್ಯಾಹ್ನ ಮನೆಯಲ್ಲಿ ಕೂತಿದ್ದೆ. ನಮ್ಮ ಮ್ಯಾನೇಜರ್ ಸಾಹೇಬರು ಮುಂದಿನ ಮೂರು ತಿಂಗಳ ಯೋಜನೆ ಹೇಳುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಮಾತಿಗೆ ಬ್ರೇಕ್ ಇಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಐದನೇ ಸಲ ಸೀಟಿ ಹೊಡೆಯಿತು. ಹೆಂಡತಿ ಬಾಲ್ಕನಿಯಲ್ಲಿ ಫೋನಿನಲ್ಲಿದ್ದಾಳೆ, ಕೂಗಿದರೆ ಕೇಳಿಸಲ್ಲ, ನಾನು ಎದ್ದರೆ ಲುಂಗಿ ಕ್ಯಾಮೆರಾಗೆ ಬೀಳುತ್ತೆ. ಸರಿ, ವಾಟ್ಸಾಪಿನಲ್ಲಿ ಅವಳಿಗೆ ಬರೆದೆ: "ಈ ಪುಣ್ಯಾತ್ಮ ಮುಕ್ಕಾಲು ಗಂಟೆಯಿಂದ ಕೊರೀತಾ ಇದ್ದಾನೆ. ಕುಕ್ಕರ್ ಇಳಿಸು."

ಬರೆದದ್ದು ವಾಟ್ಸಾಪಿನಲ್ಲಿ ಅಲ್ಲ. ಎರಡು ಕಿಟಕಿ ಪಕ್ಕಪಕ್ಕ ತೆರೆದಿದ್ದವು, ನಾನು ಬರೆದದ್ದು ಮೀಟಿಂಗಿನ ಚಾಟ್‌ನಲ್ಲಿ.

ಮೈಯೆಲ್ಲ ತಣ್ಣಗಾಯಿತು. ಅಳಿಸಿಬಿಡೋಣ ಅಂದರೆ ಇವುಗಳ ಸ್ವಭಾವ ಗೊತ್ತಲ್ಲ, ಮಾತು ಅಳಿಸಿದರೂ "ಇಲ್ಲೊಂದು ಸಂದೇಶವಿತ್ತು, ಅಳಿಸಲಾಗಿದೆ" ಅಂತ ಗೋರಿ ಕಟ್ಟಿ ಇಡುತ್ತವೆ. ಅಳಿಸಿದವನ ಮೇಲೆಯೇ ಜಾಸ್ತಿ ಅನುಮಾನ. ಕನ್ನಡದಲ್ಲಿದೆ, ಯಾರಿಗೆ ಅರ್ಥವಾಗುತ್ತೆ, ಬಿಡು ಅಂತ ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಸಾಹೇಬರೇ ಮಾತು ನಿಲ್ಲಿಸಿದರು. ಈಗಿನ ಆ್ಯಪ್‌ಗಳಲ್ಲಿ ಸಂದೇಶದ ಮೇಲೆ ಒತ್ತಿದರೆ ಅನುವಾದ ಮಾಡಿಕೊಡುವ ಸೌಕರ್ಯ ಇರುತ್ತೆ, ಅದಕ್ಕೆ ಕನ್ನಡವೂ ಬರುತ್ತೆ. ಕನ್ನಡಕ್ಕೆ ತಾಂತ್ರಿಕ ಸ್ಥಾನಮಾನ ಸಿಗಲಿ ಅಂತ ನಾನೇ ಎಷ್ಟೋ ಸಲ ಭಾಷಣ ಹೊಡೆದಿದ್ದೇನೆ, ಸಿಕ್ಕಿತು. ಸಾಹೇಬರು ಜೋರಾಗಿ ಓದಿದರು: "ದಿಸ್ ಹೋಲಿ ಸೋಲ್ ಹ್ಯಾಸ್ ಬೀನ್ ಡ್ರಿಲ್ಲಿಂಗ್ ಫಾರ್ ಫಾರ್ಟಿಫೈವ್ ಮಿನಿಟ್ಸ್. ಲೋವರ್ ದ ಕುಕ್ಕರ್."

ಎರಡು ಕ್ಷಣ ಮೌನ. ಆಮೇಲೆ ಅವರು ತುಂಬಾ ಮರುಕದಿಂದ, "ಅರೆ, ನಿಮ್ಮ ಬಿಲ್ಡಿಂಗಿನಲ್ಲೂ ಡ್ರಿಲ್ಲಿಂಗ್ ನಡೀತಿದೆಯಾ? ನಮ್ಮ ಮೇಲಿನ ಮನೆಯವರದೂ ಇದೇ ಕಥೆ. ಅಂಥವರನ್ನೂ ಹೋಲಿ ಸೋಲ್ ಅಂತೀರಲ್ಲ, ನಿಮ್ಮ ತಾಳ್ಮೆ ದೊಡ್ಡದು" ಅಂದರು. ಅಲ್ಲಿಂದ ಹತ್ತು ನಿಮಿಷ ಮಾತು ಹೌಸಿಂಗ್ ಸೊಸೈಟಿಗಳ ಕಡೆ ಹರಿಯಿತು, ಎಲ್ಲರಿಗೂ ಒಬ್ಬೊಬ್ಬ ಡ್ರಿಲ್ಲಿಂಗ್ ನೆರೆಯವನಿದ್ದ. ಆ ಅನುವಾದ ಯಂತ್ರ ಎಲ್ಲಿದೆಯೋ ನನಗೆ ಗೊತ್ತಿಲ್ಲ, ಅದು ಸಿಕ್ಕರೆ ಒಂದು ತೆಂಗಿನಕಾಯಿ ಒಡೆಯುತ್ತೇನೆ. ಕೊರೆಯೋದಕ್ಕೆ ಎರಡು ಅರ್ಥ ಇದೆ ಅಂತ ಅದಕ್ಕೆ ದಯವಿಟ್ಟು ಯಾರೂ ಹೇಳಿಕೊಡಬೇಡಿ.

ಉಡುಪಿಯ ಹುಡುಗಿ ಮಾತ್ರ ಕ್ಯಾಮೆರಾ ಆಫ್ ಮಾಡಿಕೊಂಡಿದ್ದಳು. ಖಾಸಗಿಯಾಗಿ ಒಂದು ಸಂದೇಶ ಬಂತು: "ಸರ್, ಪುಣ್ಯಾತ್ಮರು ಇನ್ನೂ ಕಾಲು ಗಂಟೆ ಕೊರೀಬಹುದು. ಒಲೆನೇ ಆರಿಸಿಬಿಡಿ." ಅವಳ ಬಾಯಿ ಮುಚ್ಚಿಸಲು ಇಲ್ಲಿವರೆಗೆ ನಾಲ್ಕು ಪ್ಲೇಟ್ ಮಿಸಳ್ ಖರ್ಚಾಗಿದೆ. ಬೇಳೆ ತಳ ಹಿಡಿದದ್ದು ಬೇರೆ ಲೆಕ್ಕ.

ಆಮೇಲೆ ಹಸಿರು ಚುಕ್ಕೆಯ ಕಾಟ. ಟೀಮ್ಸ್‌ನಂಥ ಮೀಟಿಂಗ್ ಆ್ಯಪ್‌ಗಳಲ್ಲಿ ಐದು ನಿಮಿಷ ಮೌಸ್, ಕೀಬೋರ್ಡ್ ಮುಟ್ಟದಿದ್ದರೆ ಹೆಸರಿನ ಪಕ್ಕದ ಹಸಿರು ಹಳದಿಗೆ ತಿರುಗುತ್ತೆ. ಕೂತು ಯೋಚನೆ ಮಾಡಿದರೂ ಹಳದಿಯೇ. ಮೌಸನ್ನು ಮುಳ್ಳಿನ ಕೈಗಡಿಯಾರದ ಮೇಲೆ ಇಟ್ಟರೆ ಸೆಕೆಂಡ್ ಮುಳ್ಳು ಓಡುವುದನ್ನೇ ಅದು ಕೈಯಾಡಿಸಿದ್ದು ಅಂದುಕೊಳ್ಳುತ್ತೆ ಅಂತ ಒಬ್ಬ ಹೇಳಿಕೊಟ್ಟ. ಮನೆಯಲ್ಲಿ ಮುಳ್ಳಿನ ಗಡಿಯಾರ ಅಂದರೆ ಅಪ್ಪನ ಎಚ್‌ಎಂಟಿ ಒಂದೇ. ಇಟ್ಟೆ, ಕೆಲಸ ಮಾಡಿತು, ಸೋಫಾದಲ್ಲಿ ಕಾಲು ಚಾಚಿದೆ. ಆದರೆ ಅದು ದಿನಾ ಕೀ ಕೊಡಬೇಕಾದ ಗಡಿಯಾರ, ಅಪ್ಪ ಇದ್ದಾಗ ಬೆಳಿಗ್ಗೆ ಪೇಪರ್ ಬಂದ ಕೂಡಲೇ ಕೀ ಕೊಡುತ್ತಿದ್ದರು, ನಾನು ಎರಡೇ ಸುತ್ತು ಕೊಟ್ಟಿದ್ದೆ. ಮಧ್ಯಾಹ್ನ ಮೂರಕ್ಕೆ ಸಾಹೇಬರು ಫೋನ್ ಮಾಡಿ ಎಬ್ಬಿಸಿದಾಗ ಎಚ್‌ಎಂಟಿ 1 ಗಂಟೆ 20 ನಿಮಿಷಕ್ಕೆ ನಿಂತಿತ್ತು. ಅಪ್ಪ ಬದುಕಿದ್ದಾಗಲೂ ನನ್ನ ಸುಳ್ಳಿಗೆ ಸಹಕಾರ ಕೊಟ್ಟವರಲ್ಲ.

ಇಷ್ಟೆಲ್ಲ ಆದ ಮೇಲೆ ಗಣಪತಿ ಹಬ್ಬ ಬಂತು. ತಂಡದವರೆಲ್ಲ ಸೇರಿ ಆನ್‌ಲೈನ್ ಆರತಿ ಮಾಡೋಣ, ಪಣಜಿಯವನಿಗೂ ಸಿಗಲಿ ಅಂತ ಸಾಹೇಬರ ಆಸೆ. ನಮ್ಮ ಮನೆಯಲ್ಲಿ ಐದು ದಿನದ ಗಣಪ, ಹಾಗಾಗಿ ಆರತಿ ನಮ್ಮ ಮನೆಯಿಂದಲೇ ಅಂತ ತೀರ್ಮಾನ ಆಯಿತು. ಅವ್ವ ಎರಡು ದಿನ ತಯಾರಿ ಮಾಡಿದಳು. ಊರಿಂದ ತಂದ ಕಂಚಿನ ಜಾಗಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು. ಮಗನ ಕೈಗೆ ತಾಳ, ಹೆಂಡತಿ ಕೈಗೆ ಗಂಟೆ, ನನ್ನ ಕೈಗೆ ಆರತಿ ತಟ್ಟೆ.

ಶುರು ಮಾಡಿದೆವು. ದೂರದೂರದಲ್ಲಿ ಕೂತವರು ಇಂಟರ್‌ನೆಟ್ಟಿನಲ್ಲಿ ಒಟ್ಟಿಗೆ ಹಾಡಲು ಆಗಲ್ಲ ಅನ್ನೋದು ಮೊದಲ ಸಾಲಿನಲ್ಲೇ ತಿಳಿಯಿತು, ದನಿ ಹೋಗಿ ಬರೋದಕ್ಕೆ ಸಮಯ ಹಿಡಿಯುತ್ತಲ್ಲ, ನಾನು ಎರಡನೇ ಸಾಲಿನಲ್ಲಿದ್ದಾಗ ಹಿಂಜೇವಾಡಿ ಇನ್ನೂ ಒಂದನೇ ಸಾಲಿನ ನಡುವೆ ಇತ್ತು, ಪಣಜಿ ಅದಕ್ಕೂ ಹಿಂದೆ. ಸಾಹೇಬರು ಎಲ್ಲರಿಗೂ ಮ್ಯೂಟ್ ಮಾಡಿ, ನೀವೊಬ್ಬರೇ ಹಾಡಿ ಅಂತ ಸನ್ನೆ ಮಾಡಿದರು. ಹಾಡಿದೆ. ನಮ್ಮ ಮನೆಯಲ್ಲಿ ಜಾಗಟೆ, ಗಂಟೆ, ತಾಳ ಸೇರಿ ಕಿವಿ ಗುಂಯ್‌ಗುಡುತ್ತಿತ್ತು. ಆ ಗದ್ದಲದ ಧೈರ್ಯದಲ್ಲಿ ನಾನೂ ಗಂಟಲು ಬಿಚ್ಚಿ ಹಾಡಿದೆ, ಇಲ್ಲದಿದ್ದರೆ ನಾನು ಹಾಡುವವನೇ ಅಲ್ಲ.

ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ಕೊನೆಗೆ ಸಾಹೇಬರು, "ಚೆನ್ನಾಗಿತ್ತು... ಆದರೆ ಗಂಟೆ ಯಾಕೆ ಬಾರಿಸಲಿಲ್ಲ? ಎಲ್ಲರೂ ಕೈ ಮಾತ್ರ ಆಡಿಸ್ತಿದ್ದಿರಿ" ಅಂದರು.

ವಿಷಯ ಏನಾಗಿತ್ತು ಅಂದರೆ, ಈ ಆ್ಯಪ್‌ಗಳಲ್ಲಿ ಗದ್ದಲ ಅಡಗಿಸುವ ವ್ಯವಸ್ಥೆ ಇರುತ್ತೆ. ಮನುಷ್ಯರ ಮಾತು ಉಳಿಸಿಕೊಂಡು ಫ್ಯಾನಿನ ಶಬ್ದ, ನಾಯಿ ಬೊಗಳಿದ್ದು, ಪಾತ್ರೆ ಬಿದ್ದದ್ದು ಎಲ್ಲ ಸೋಸಿ ಎಸೆಯುತ್ತೆ. ಏಳು ಬಾಯಿಯ ಬಾಕರವಡಿಯನ್ನು ಪಣಜಿಯವರೆಗೆ ಸಲೀಸಾಗಿ ಮುಟ್ಟಿಸಿದ್ದು ಆಫೀಸಿನ ಮೈಕು, ನನ್ನ ಲ್ಯಾಪ್‌ಟಾಪು ಮಡಿವಂತ. ಅದರ ಲೆಕ್ಕದಲ್ಲಿ ಅವ್ವನ ಜಾಗಟೆ ಗದ್ದಲ. ಗಂಟೆ ಗದ್ದಲ. ತಾಳ ಗದ್ದಲ. ಉಳಿದದ್ದು ಮನುಷ್ಯರ ದನಿ ಎರಡೇ. ಒಂದು ನನ್ನದು, ಶ್ರುತಿ ಬಿಟ್ಟು ಊರೆಲ್ಲ ಅಲೆಯುವಂಥದ್ದು. ಇನ್ನೊಂದು ಅವ್ವನದು. ಅವಳು ಜಾಗಟೆ ಬಡಿಯುತ್ತಲೇ ಸೊಸೆಗೆ, "ಇವನ ದನಿ ಸಣ್ಣಾಂವ ಇದ್ದಾಗಿಂದ ಹಿಂಗ. ಶಾಲ್ಯಾಗ ಪ್ರಾರ್ಥನಾಕ್ಕ ಹಿಂದ ನಿಲ್ಲಸ್ತಿದ್ದರು, ಬಾಯಿ ಆಡಸು, ದನಿ ತೆಗೀಬ್ಯಾಡ ಅಂತ" ಅಂದಿದ್ದಳಂತೆ. ಪಕ್ಕದಲ್ಲೇ ನಿಂತಿದ್ದ ನನಗೆ ಕೇಳಿಸಿರಲಿಲ್ಲ. ಹದಿನಾಲ್ಕು ಮಂದಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಅರ್ಥ ಆದದ್ದು ಒಬ್ಬಳಿಗೇ, ಅವಳ ಕ್ಯಾಮೆರಾ ಮತ್ತೆ ಆಫ್ ಆಗಿತ್ತು.

ಸ್ವಲ್ಪ ಹೊತ್ತಿಗೆ ಅವಳೇ ಬರೆದಳು, ಸರ್, ಸೆಟ್ಟಿಂಗ್ಸ್‌ನಲ್ಲಿ ಮ್ಯೂಸಿಕ್ ಮೋಡ್ ಅಂತ ಇದೆ, ಝೂಮ್‌ನಲ್ಲಾದರೆ ಒರಿಜಿನಲ್ ಸೌಂಡ್ ಅಂತಾರೆ, ಅದನ್ನು ಆನ್ ಮಾಡಿದರೆ ಎಲ್ಲ ಕೇಳಿಸುತ್ತೆ. ಅವ್ವನಿಗೆ ತನ್ನ ಜಾಗಟೆ ಯಾರಿಗೂ ಕೇಳಿಲ್ಲ ಅಂತ ಗೊತ್ತಾಗಿ ಕೆಟ್ಟ ಸಿಟ್ಟು ಬಂದಿತ್ತು. "ಹಚ್ಚು ಅದನ್ನ" ಅಂದಳು. ನಾನು ಆನ್ ಮಾಡಿ, ಎರಡನೇ ಆರತಿ ಶುರು, ಈ ಸಲ ನಾನು ಬಾಯಿ ಮಾತ್ರ ಆಡಿಸುತ್ತೇನೆ ಅಂತ ಹೇಳಿದೆ. ಅವ್ವ ಸೆರಗು ಸಿಕ್ಕಿಸಿಕೊಂಡು, ಲ್ಯಾಪ್‌ಟಾಪಿನ ಹತ್ತಿರ ಹೋಗಿ, ಮೈಕಿಗೆ ಒಂದು ಗೇಣು ದೂರದಲ್ಲಿ ಜಾಗಟೆ ಎತ್ತಿ ಹಿಡಿದು ಬಾರಿಸಿದಳು.

ಪರದೆಯ ಮೇಲೆ ಹದಿಮೂರು ಮಂದಿ ಒಟ್ಟಿಗೆ ಇಯರ್‌ಫೋನ್ ಕಿತ್ತು ಎಸೆದರು. ಪಣಜಿಯ ಹುಡುಗ ಮಾತ್ರ ಎದ್ದು, ರೂಟರ್ ರೀಸ್ಟಾರ್ಟ್ ಮಾಡಲು ಹೋದ.